ಗಂಗಾಳದ ನಡುವೆ ಹೋದ ನೋಟಿಸು

ಸೇಲ್ಸ್ ಟ್ಯಾಕ್ಸ್ ನೋಟಿಸು ಹುಡುಕಿಕೊಂಡು ಮದುವೆಯ ಮನೆಗೆ ಹೋದವರನ್ನು ನೀವು ಕಂಡಿದ್ದೀರಾ? ಕಳೆದ ವಾರ ನಾನು ಹೋಗಿದ್ದೆ. ಬರೀ ಹೋಗಲಿಲ್ಲ, ಎರಡು ಹೋಳಿಗೆ ತಿಂದೂ ಬಂದೆ.

ಲಕ್ಷ್ಮೇಶ್ವರದಲ್ಲಿ ನಮ್ಮ ಅಡಿವೆಪ್ಪ ಕಾಕಾ ಇದ್ದಾರೆ, ನಮ್ಮ ತಂದೆಯ ತಮ್ಮ. ಅವರದು ತಾಮ್ರ-ಹಿತ್ತಾಳೆ ಪಾತ್ರೆ-ಭಾಂಡೆಯ ಅಂಗಡಿ. ನಾನು ಗದಗಿನಲ್ಲಿ ವ್ಯಾಪಾರಸ್ಥರ ತೆರಿಗೆ ಕಾಗದ ಬರೆದುಕೊಟ್ಟು ಹೊಟ್ಟೆ ಹೊರೆಯುವವನು (ವ್ಯಾಪಾರಸ್ಥರಿಗಾಗಿ ವಾರವಾರ ಬರೆಯುವ ಈ ಅಂಕಣದಿಂದ ಹೊಟ್ಟೆ ತುಂಬುವುದಿಲ್ಲ, ಸಂಪಾದಕರಿಗೂ ಗೊತ್ತು). ಕಾಕಾನ ಕಾಗದಗಳು ಮಾತ್ರ ಪುಕ್ಕಟೆ ಕೆಲಸ. ಅವರಲ್ಲಿಗೆ ಹೋದಾಗ ಸುಮ್ಮನೆ ಕೇಳಿದೆ.

"ಕಾಕಾ, ದೀಪಾವಳಿ ಮುಂದ ಒಂದು ನೋಟಿಸ್ ಬಂದಿತ್ತಲ್ಲ, ಉತ್ತರ ಕೊಟ್ಟೀರೇನು?"

"ಅದು ಮುಂಬೈ ಸರ್ಕಾರದ್ದಪಾ ತಮ್ಮಾ! ಅವರು ಹೋದ್ರು. ಈಗ ನಾವು ಮೈಸೂರು ರಾಜ್ಯದಾಗ ಅದೀವಿ. ಹೋದವರ ಕಾಗದಕ್ಕ ಯಾರರ ಉತ್ತರ ಬರೀತಾರೇನು?"

ನಗಬೇಡಿ. ಎಂಟು ವರ್ಷದ ಹಿಂದೆ ಆ ಊರು ಸೇರಿದ್ದ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದಾಗ ಕಾಕಾನ ಹಳೆಯ ಬಾಕಿಯೊಂದನ್ನು ಯಾರೂ ಕೇಳಲೇ ಇಲ್ಲ. ರಾಜರು ಹೋದರು, ಬಾಕಿಯೂ ಹೋಯಿತು. ಒಮ್ಮೆ ಹಾಗೆ ರುಚಿ ಕಂಡವರು ಇನ್ನೊಮ್ಮೆ ಆಸೆ ಪಟ್ಟರೆ ತಪ್ಪೇನು?

ಮೇಲಾಗಿ ಅವರ ಹತ್ತಿರ ಬಲವಾದ ಸಾಕ್ಷಿಯೂ ಇತ್ತು. ಗಲ್ಲಾ ಪೆಟ್ಟಿಗೆಯಿಂದ ಒಂದು ಪೇಪರಿನ ತುಂಡು ತೆಗೆದು ಮುಂದೆ ಹಿಡಿದರು. ನೋಡಿದರೆ ಏಕೀಕರಣದ ವಾರ ನಾನೇ ಬರೆದ ಅಂಕಣ! "ಇನ್ನು ನಾವು ಮುಂಬೈ ಕಡೆ ತಿರುಗಿ ನೋಡಬೇಕಾಗಿಲ್ಲ" ಎಂದು ಉಬ್ಬಿಹೋಗಿ ಬರೆದಿದ್ದೆ. ಕಾಕಾ ಅದರ ಕೆಳಗೆ ಗೆರೆ ಎಳೆದಿಟ್ಟಿದ್ದರು.

ರಾಜ್ಯ ಬದಲಾದರೂ ಹೊಸ ಕಾಯ್ದೆ ಬರುವವರೆಗೆ ಹಳೆಯದೇ ನಡೆಯುತ್ತದೆ, ಕಚೇರಿ ಅದೇ, ಸಾಹೇಬರೂ ಅವರೇ ಎಂದು ಆ ವಾರ ಒಂದು ಸಾಲು ಸೇರಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಉತ್ತರ ಹೋಗದಿದ್ದರೆ ಸಾಹೇಬರು ತಮ್ಮ ಅಂದಾಜಿನ ಮೇಲೆ ತೆರಿಗೆ ಹಾಕುತ್ತಾರೆ. ಕಾಕಾನ ಗಿರಾಕಿಗಳೋ ಹಳೆಯ ಹಂಡೆ ಕೊಟ್ಟು, ಮೇಲಿಷ್ಟು ರೊಕ್ಕ ಸೇರಿಸಿ ಹೊಸದು ಒಯ್ಯುವವರು. ಕೈಗೆ ಬರುವುದು ಮೇಲಿನ ರೊಕ್ಕ ಅಷ್ಟೇ. ಅಂದಾಜಿನಲ್ಲಿ ಹಿಡಿಯುವುದು ಇಡೀ ಹಂಡೆಯ ಬೆಲೆ. ಹಾಗಾದರೆ ಅಂಗಡಿಗೆ ಬೀಗ ಹಾಕುವುದೇ ಸರಿ.

ಇದನ್ನೆಲ್ಲ ಹೇಳಿ, "ಆ ನೋಟಿಸ್ ಎಲ್ಲೈತಿ? ಅದರಾಗ ನಂಬರ್ ಐತಿ, ಕಡೀ ತಾರೀಖು ಐತಿ" ಅಂದೆ. ಕಾಕಾನ ಮುಖ ಸಣ್ಣದಾಯಿತು.

"ಗಟ್ಟಿ ಕಾಗದ ಇತ್ತು ನೋಡು... ಗಿರಾಕಿಯೊಬ್ಬರ ಮದವಿ ಭಾಂಡೆ ಕಟ್ಟೂ ಮುಂದ, ತಿಕ್ಕಾಡಬಾರದಂತ ಎರಡು ಉಣ್ಣೂ ಗಂಗಾಳದ ನಡುವ ಇಟ್ಟೆ. ಶಿರಹಟ್ಟಿಗೆ ಹೋತು."

ಬಸ್ ಹಿಡಿದು ಶಿರಹಟ್ಟಿಗೆ ಹೋದೆವು. ಹೊಸ ಸೊಸೆ ಬಂದ ಮನೆ, ಹಂದರ ಇನ್ನೂ ಬಿಚ್ಚಿರಲಿಲ್ಲ. ಕೂಡಿಸಿದರು, ಹೋಳಿಗೆ ಬಡಿಸಿದರು. ಬಂದ ಕೆಲಸ ಹೇಳುವುದು ಹೇಗೆ? ಭಾಂಡೆ ಮಾರಿದವನೇ ಮನೆತನಕ ಬಂದು "ಗಂಗಾಳ ತೋರಸ್ರಿ" ಅಂದರೆ, ತೂಕದಲ್ಲಿ ಏನೋ ಮಾಡಿದ್ದಾನೆ ಎಂದುಕೊಳ್ಳುವುದಿಲ್ಲವೇ? ಕಾಕಾ ಹೋಳಿಗೆ ಹೊಗಳಿದರು, ಹಂದರ ಹೊಗಳಿದರು, ಕೊನೆಗೆ ಕಟ್ಟಿದ ಎಮ್ಮೆಯನ್ನೂ ಹೊಗಳಿದರು. ನೋಟಿಸಿನ ಮಾತು ಮಾತ್ರ ತೆಗೆಯಲಿಲ್ಲ.

ಕಡೆಗೆ ನಾನೇ ಆ ಮನೆಯ ಅಜ್ಜಿಯನ್ನು ಕೇಳಿದೆ. "ಅಮ್ಮಾ, ಗಂಗಾಳದ ನಡುವ ಒಂದು ಕಾಗದ ಬಂದಿತ್ತೇನ್ರಿ?"

"ಮೊಹರ ಇದ್ದದ್ದು ಹೌದಲ್ರಿ? ನನಗೇನು ಓದಾಕ ಬರೂದಿಲ್ಲ. ಮೊಹರ ಐತಿ ಅಂದ ಮ್ಯಾಲ ಯಾರದೋ ಬಾಳೇಕ ಬೇಕಾದದ್ದ ಇರಬೇಕು, ಕೇಳ್ಕೊಂತ ಬಂದ ಬರ್ತಾರಂತ ದೇವರ ಜಗಲಿ ಮ್ಯಾಲ ಇಟ್ಟೀನಿ" ಎಂದು ಎದ್ದು ಹೋಗಿ ತಂದುಕೊಟ್ಟರು. ನೋಟಿಸಿನ ಹಣೆಗೆ ಅರಿಷಿಣ-ಕುಂಕುಮ ಬಿದ್ದಿತ್ತು. ಕಾಕಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

ಕಡೆಯ ತಾರೀಖಿಗೆ ಎರಡೇ ದಿನ ಉಳಿದಿತ್ತು. ಮರುದಿನವೇ ಗದಗಿನ ಕಚೇರಿಗೆ ಹೋದೆವು. ಸಾಹೇಬರು ಕುಂಕುಮ ನೋಡಿದರು, ಕಾಕಾನನ್ನು ನೋಡಿದರು, ನಕ್ಕುಬಿಟ್ಟರು. "ನಮ್ಮ ನೋಟಿಸಿಗೆ ಬೈದವರನ್ನ ಭಾಳ ಮಂದಿ ನೋಡೀನ್ರಿ, ಪೂಜಾ ಮಾಡಿದವರು ನೀವ ಮೊದಲಿಗರು." ಉತ್ತರ ತೆಗೆದುಕೊಂಡರು. ಗಿರಾಕಿಗಳಿಂದ ಬದಲಿಗೆ ಪಡೆದ ಹಳೆಯ ಭಾಂಡೆಯ ತೂಕದ ಚೀಟಿಗಳನ್ನು ತಂದು ತೋರಿಸಲು ಎಂಟು ದಿನ ಕೊಟ್ಟರು.

"ಚೀಟಿ ಅದಾವೇನ್ರಿ?"

"ಅದಾವ್ರಿ, ಎಲ್ಲಾ ಅದಾವು" ಅಂದರು ಕಾಕಾ. (ಯಾವ ಊರಿನ ಗಂಗಾಳದಲ್ಲಿ ಎಂದು ನಾನು ಕೇಳಲಿಲ್ಲ.)

ಓದು ಬಾರದ ಅಜ್ಜಿ ಗುರುತಿಲ್ಲದವರ ಕಾಗದವನ್ನು ಅಷ್ಟು ಜೋಪಾನ ಮಾಡಿದರು. ವ್ಯಾಪಾರಸ್ಥರಿಗೆ ವಾರವಾರ ಬುದ್ಧಿ ಹೇಳಬೇಕಾದವರು ಅವರೋ, ನಾನೋ?