ನಿಂಗಕ್ಕನ ಕರಟದ ಕಷಾಯ

ತಾಳ್ಯದ ಕುರುಬರ ಕೇರಿಯಲ್ಲಿ ನಿಂಗಕ್ಕನ ಅಂಗಳ ಅಂದರೆ ಎಲ್ಲರಿಗೂ ಗೊತ್ತಿತ್ತು. ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಒಲೆ ಮೇಲೆ ಮಸಿ ಹಿಡಿದ ಗಡಿಗೆ, ಪಕ್ಕದಲ್ಲಿ ತೆಂಗಿನ ಕರಟದ ರಾಶಿ. ಮುಂಗಾರಿನ ಶೀತಗಾಳಿ ಬೀಸಿದ ದಿನದಿಂದ ಬೆಳಗ್ಗೆ ಹೊತ್ತು ಅಲ್ಲಿ ಜನ ಸೇರುತ್ತಿದ್ದರು. ಬಂದವರು ತಲೆಗೊಂದು ಕರಟ ಎತ್ತಿಕೊಂಡು, ಆಕೆ ಮೇಲಿಂದ ಹುಯ್ದ ಕಷಾಯ ಕುಡಿದು, ಕರಟವನ್ನು ಒಲೆಗೇ ಹಾಕಿ ಹೋಗುತ್ತಿದ್ದರು. ಮೂವತ್ತು ವರ್ಷ ಹೀಗೇ ನಡೆಯಿತು. ಕರಟ ಶುರುವಾದದ್ದು ಮಾತ್ರ ಸಾವಿರದ ಒಂಬೈನೂರ ಐವತ್ತೇಳನೇ ಇಸವಿಯಲ್ಲಿ. ಅದಕ್ಕೆ ಮೊದಲು ಬಟ್ಟಲಿತ್ತು. ಆ ಬಟ್ಟಲಿನ ಕಥೆ ಹೇಳದೆ ನಿಂಗಕ್ಕನ ಕಥೆ ಹೇಳಲಾಗದು.

ಕಷಾಯ ಆಕೆಗೆ ಅಜ್ಜಿಯಿಂದ ಬಂದದ್ದು. ಹದಿನೆಂಟನೇ ಇಸವಿಯ ದೊಡ್ಡ ಜ್ವರದಲ್ಲಿ ನಿಂಗಕ್ಕನ ಅವ್ವ ಸತ್ತಳು, ಹೊಟ್ಟೆಯಲ್ಲಿ ಏಳು ತಿಂಗಳ ಕೂಸಿತ್ತು. ನಿಂಗಕ್ಕನಿಗೆ ಆಗ ನಾಲ್ಕು ವರ್ಷ. ಸಾಕಿದ ಅಜ್ಜಿ ಶುಂಠಿ ಕುಟ್ಟುವಾಗಲೆಲ್ಲ ಅದನ್ನೇ ಹೇಳುತ್ತಿದ್ದಳು. ಒಣಶುಂಠಿ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ ಬೆಚ್ಚಗೆ ಹುರಿದು ಕುಟ್ಟಬೇಕು. ತುಳಸಿ, ದೊಡ್ಡಪತ್ರೆ ಹರಿದು ಹಾಕಬೇಕು. ನೀರು ಅರ್ಧಕ್ಕೆ ಇಳಿದ ಮೇಲೆ ಬೆಲ್ಲ. ಅಷ್ಟೆ, ಇದರಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಐತೆ ಅಂತ ಪುಡಿ ಕಟ್ಟಿ ಮಾರುವವರ ಮಾತು ಕೇಳಬೇಡಿ.

ನಿಂಗಕ್ಕ ಕೂಡ ಬರೀ ಕಷಾಯ ನಂಬಿದವಳಲ್ಲ. ಯಾರಾದರೂ ಮೂಗು ಸೋರಿಸಿಕೊಂಡು ಬಂದರೆ ಮೊದಲು ಬೈಯುತ್ತಿದ್ದಳು.

“ಇದನ್ನ ಕುಡಿದು ಮಳೆಯಾಗೆ ಕುರಿ ಹಿಂದೆ ಓಡಿದ್ರೆ ನಾನೇನು ಮಾಡ್ಲಿ? ನೆಂದ ಕಂಬಳಿ ಬಿಚ್ಚು. ಹೊಟ್ಟೆ ತುಂಬ ಉಣ್ಣು. ಕಣ್ತುಂಬ ಮಲಗು.”

ಸಂಜೆಗೆ ಹುರುಳಿ ಕಟ್ಟಿನ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಉಣ್ಣಿ ಅನ್ನುವಳು. ನುಗ್ಗೆಸೊಪ್ಪು ಬಿಡಬೇಡಿ ಅನ್ನುವಳು. ನೆಲ್ಲಿಕಾಯಿ ಕಾಲದಲ್ಲಿ ಒಣಗಿಸಿಟ್ಟ ನೆಲ್ಲಿಚೆಟ್ಟು ಮಳೆಗಾಲದಲ್ಲಿ ಗೊಜ್ಜಾಗುತ್ತಿತ್ತು. ಮೈ ಗಟ್ಟಿ ಇದ್ದರೆ ಬಂದ ಜ್ವರ ಬೇಗ ಬಿಡುತ್ತದೆ ಅನ್ನುವುದು ಆಕೆಯ ಲೆಕ್ಕ. ಜ್ವರ ಬರುವುದೇ ಇಲ್ಲ ಅಂತ ಯಾವತ್ತೂ ಹೇಳಿದವಳಲ್ಲ.

ಐವತ್ತೇಳರ ಮುಂಗಾರಿನಲ್ಲಿ ಮಗಳು ಕಾಳಕ್ಕ ಜವನಗೊಂಡನಹಳ್ಳಿಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು. ಅದೇ ಹದಿನೈದು ದಿನದಲ್ಲಿ ಹೊಳಲ್ಕೆರೆ ಸಂತೆಗೆ ಹೋಗಿ ಬಂದ ಪಕ್ಕದ ಮನೆ ಓಬಮ್ಮ ಮೈಕೈ ನೋವು ಅಂತ ಮಲಗಿದಳು. ಮಾರನೇ ದಿನ ಚಳಿಜ್ವರ, ಒಣಕೆಮ್ಮು. ಪೇಟೆಯವರು ಇದಕ್ಕೆ ಫ್ಲೂ ಅಂದರು. ಕೇರಿಯ ಮುದುಕರಿಗೆ ಹದಿನೆಂಟನೇ ಇಸವಿ ನೆನಪಿತ್ತು.

ನಿಂಗಕ್ಕನಿಗೂ ನೆನಪಿತ್ತು. ಮಗಳ ಹೊಟ್ಟೆ ನೋಡಿದಾಗಲೆಲ್ಲ ಅಜ್ಜಿಯ ಮಾತು ಕಿವಿಯಲ್ಲಿ ಕೇಳುತ್ತಿತ್ತು. ಗಡಿಗೆಗೆ ನೀರು ಎರಡರಷ್ಟು ಹಾಕಿದಳು. ಕೇರಿಯವರನ್ನೆಲ್ಲ ಕರೆದಳು, ಕೆಮ್ಮುತ್ತಿದ್ದ ಓಬಮ್ಮನೂ ಎದ್ದು ಬಂದಳು. ಊರು ಗಟ್ಟಿ ಇದ್ದರೆ ತನ್ನ ಮಗಳೂ ಗಟ್ಟಿ ಅಂತ ಆಕೆಯ ಎಣಿಕೆ. ಕಂಚಿನ ಮೂರು ಬಟ್ಟಲಿದ್ದವು. ಒಬ್ಬರು ಕುಡಿದದ್ದನ್ನು ಪಕ್ಕದ ತಪ್ಪಲೆ ನೀರಿನಲ್ಲಿ ಅದ್ದಿ ತೆಗೆದು ಇನ್ನೊಬ್ಬರಿಗೆ ಹುಯ್ಯುವುದು. ಬಿಸಿ ಕಷಾಯ ಮೇಲಿಂದ ಸುರಕೊಳ್ಳಲಾಗುತ್ತದೆಯೇ? ತುಟಿ ಹಚ್ಚಿಯೇ ಹೀರಬೇಕು. ಒಂದೇ ಕುಲದವರು, ಎಂಜಲು ಅಂತ ಯಾರೂ ಮುಖ ಸಿಂಡರಿಸಲಿಲ್ಲ. ತಪ್ಪಲೆ ನೀರು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ.

ಎಂಟು ದಿನ ಕಳೆಯಿತು. ಕಷಾಯಕ್ಕೆ ಬಂದ ಹದಿನೆಂಟು ಜನರಲ್ಲಿ ಹದಿನಾಲ್ಕು ಜನ ಮಲಗಿದರು. ಹೊಲದ ಗುಡಿಸಲಲ್ಲೇ ಇದ್ದು ಕೇರಿಗೆ ಬಾರದ ಬೋರಪ್ಪನ ಮನೆಯವರು ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದರು. ನಿಂಗಕ್ಕನ ಕೈಗುಣ ಕೆಟ್ಟಿತು ಅಂತ ಬಾವಿಕಟ್ಟೆಯಲ್ಲಿ ಮಾತಾಯಿತು. ಮಾತು ಕಿವಿಗೆ ಬಿದ್ದು ಅವಳಿಗೆ ಕೋಪ ನೆತ್ತಿಗೇರಿತು. ಆದರೆ ಅವತ್ತೇ ಗಂಡ ಬೀರಪ್ಪನೂ ಕಂಬಳಿ ಹೊದ್ದು ಮಲಗಿದ. ಜಗಳಕ್ಕೆ ಹೋಗಲು ಪುರುಸೊತ್ತು ಸಿಗಲಿಲ್ಲ.

ಗಂಡ ಮಲಗಿ ಎರಡು ದಿನ ಕುರಿ ನೋಡಿಕೊಳ್ಳುವ ಕೆಲಸ ಆಕೆಯ ತಲೆಗೇ ಬಂತು. ಎರಡನೇ ದಿನ ಮಧ್ಯಾಹ್ನ ಕುರಿ ಕೂಡುವ ರೊಪ್ಪದ ಪಕ್ಕದ ಕಲ್ಲುಬಾನಿಗೆ ನೀರು ತುಂಬಿ ಕುರಿ ಬಿಟ್ಟಳು. ಒಂದು ಕರಿ ಕುರಿ ಮೂಗಿನಲ್ಲಿ ಸಿಂಬಳ ಇಳಿಸಿಕೊಂಡು ಕೆಮ್ಮುತ್ತಾ ಬಾನಿಗೆ ಬಾಯಿ ಹಾಕಿತು. ಯೋಚನೆಯೇ ಇಲ್ಲದೆ ನಿಂಗಕ್ಕ ಕೋಲಿನಿಂದ ಅದನ್ನು ಆಚೆ ತಳ್ಳಿದಳು, ಎಳೆದು ಬೇಲಿಯಾಚೆ ಕಟ್ಟಿದಳು. ಬಾನಿಯ ನೀರೆಲ್ಲ ಚೆಲ್ಲಿ, ಬೂದಿ ಹಾಕಿ ಉಜ್ಜತೊಡಗಿದಳು. ಮದುವೆಯಾಗಿ ಬಂದಾಗಿನಿಂದ ಮಾಡಿದ ಕೆಲಸ, ಕೈ ತಾನಾಗಿ ಆಡುತ್ತಿತ್ತು.

ಅರ್ಧ ಉಜ್ಜಿದವಳು ಕೈ ನಿಲ್ಲಿಸಿದಳು. ಅಂಗಳದ ತಪ್ಪಲೆ ಕಣ್ಣ ಮುಂದೆ ಬಂತು. ಓಬಮ್ಮ ಕೆಮ್ಮುತ್ತಾ ಹೀರಿದ ಬಟ್ಟಲು, ಅದ್ದಿದ ನೀರು, ಅದೇ ನೀರಿನಿಂದ ಎದ್ದ ಬಟ್ಟಲಿನಲ್ಲಿ ಗಂಡ ಕುಡಿದದ್ದು.

“ಥೂ ನಿನ್ನ! ಕುರಿ ವಿಷಯದಾಗೆ ಇರೋ ಬುದ್ಧಿ ಮನುಷ್ಯರ ವಿಷಯದಾಗೆ ಬರಲಿಲ್ಲವಲ್ಲೇ,” ಅಂತ ತನ್ನನ್ನೇ ಬೈದುಕೊಂಡಳು.

ಮನೆಗೆ ಬಂದವಳೇ ತಪ್ಪಲೆ ನೀರು ತಿಪ್ಪೆಗೆ ಚೆಲ್ಲಿದಳು. ಬಟ್ಟಲು ಕುದಿಸಿ ಅಟ್ಟಕ್ಕೆ ಹಾಕಿದಳು. ಆಮೇಲೆ ಗಂಡನ ಹತ್ತಿರ ಹೋದಳು.

“ಎದ್ದೇಳ್ರಿ. ಮಗ್ಗದ ಕೊಟ್ಟಿಗೆಗೆ ಹೋಗಾಣ.”

“ಯಾಕೆ? ಇಲ್ಲಿ ಏನಾಗೈತೆ?”

“ಪಕ್ಕದ ಕೋಣೆಯಾಗೆ ಕಾಳಿ ಅವಳೆ. ನೀವು ಕೆಮ್ಮಿದ್ದೆಲ್ಲ ಅವಳ ಮುಖಕ್ಕೇ ಹೋಗ್ತೈತೆ.”

“ರೋಗದ ಕುರಿ ಕಟ್ಟಿದಂಗೆ ನನ್ನ ಬೇರೆ ಕಟ್ತೀಯೇನೇ?”

“ಕುರಿ ಆಗಿದ್ರೆ ಮೊದಲ ದಿನವೇ ಕಟ್ತಿದ್ದೆ. ಗಂಡ ಅಂತ ಎರಡು ದಿನ ತಡ ಆಯ್ತು.”

ಬೀರಪ್ಪನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಗೊಣಗುತ್ತಾ ಕಂಬಳಿ ಎಳೆದುಕೊಂಡು ಹೋದ. ಗಂಡನಿಗೆ ಗಂಜಿ, ಬಿಸಿನೀರು ಕೊಡುವಾಗ ಮೂಗು ಬಾಯಿಗೆ ಸೆರಗು ಸುತ್ತಿಕೊಳ್ಳುವಳು, ಬಂದು ಕೈಕಾಲು ತೊಳೆದೇ ಮಗಳ ಹತ್ತಿರ ಕೂರುವಳು. ಮಗಳಿಗೆ ಕಷಾಯವೂ ತೆಳುವು, ಮೆಣಸು ಕಮ್ಮಿ.

ಮರುದಿನದಿಂದ ಕರಟ. ಕೇರಿಯಲ್ಲಿ ಅದು ಸಣ್ಣ ಮಾತಲ್ಲ. ಕರಟ ಹಿಡಿಯುವುದು ಅಂದರೆ ಭಿಕ್ಷೆ ಬೇಡುವುದು. ಅದಕ್ಕಿಂತ ಹೇಸಿಗೆ ಇನ್ನೊಂದಿತ್ತು: ಆ ಕಾಲದಲ್ಲಿ ಕೆಲವು ಹೋಟೆಲಿನವರು ಜಾತಿ ನೋಡಿ ಕೆಲವರನ್ನು ಹೊರಗೆ ನಿಲ್ಲಿಸಿ ಕರಟದಲ್ಲಿ ಚಹಾ ಹುಯ್ಯುತ್ತಿದ್ದರು. ಅಂಥವರ ನಾಚಿಕೆಗೇಡಿತನದಿಂದ ಒಳ್ಳೆ ಕರಟಕ್ಕೂ ಕೆಟ್ಟ ಹೆಸರು. ಹಾಗಾಗಿ ಮೊದಲ ದಿನ ಕರಟ ಹಿಡಿದವರು ಐದೇ ಜನ.

ಆರನೆಯವನಾಗಿ ಬಂದವನು ಬೀರಪ್ಪನ ಅಣ್ಣ ತಿಮ್ಮರಾಯಪ್ಪ. ಕುಲಕ್ಕೆ ಹಿರಿಯ. ಕಾಳಕ್ಕನಿಗೆ ದೊಡ್ಡಪ್ಪ, ಹುಟ್ಟುವ ಮಗುವಿಗೆ ಹೆಸರು ಕೂಗಬೇಕಾದವನೂ ಅವನೇ. ಅಂಗಳದಲ್ಲೇ ಎರಡು ಸಲ ಕೆಮ್ಮಿದ.

“ಏನೇ ನಿಂಗಿ, ಬಟ್ಟಲು ಎಲ್ಲಿ?”

“ಅಟ್ಟದ ಮೇಲೆ ಅವೆ ಬಾವ. ಕರಟ ತಗಳ್ರಿ.”

“ನನಗೂ ಕರಟವಾ?” ತಿಮ್ಮರಾಯಪ್ಪನ ಕಣ್ಣು ಕೆಂಪಾಯಿತು. “ನಾನು ಹೋಟ್ಲು ಮುಂದೆ ಹೊರಗೆ ನಿಂತೋನಾ? ನಮ್ಮ ಎಂಜಲು ನಿನಗೆ ಈಗ ಆಗದಂಗಾಯ್ತಾ?”

ನಿಂಗಕ್ಕ ರಾಶಿಯ ಕಡೆ ಬಗ್ಗಿದಳು. ಒಂದು ಕರಟ ಎತ್ತಿ ತನಗೇ ಕಷಾಯ ಹುಯ್ದುಕೊಂಡು, ಬಾವನ ಎದುರಿಗೇ ಕುಡಿದು, ಕರಟ ಒಲೆಗೆ ಎಸೆದಳು.

“ನಾನೂ ಅದರಾಗೇ ಕುಡಿಯೋದು. ಈಗ ಹೇಳ್ರಿ, ಯಾರು ಒಳಗಿನೋರು, ಯಾರು ಹೊರಗಿನೋರು?”

ಅವನು ಕಷಾಯ ಮುಟ್ಟಲಿಲ್ಲ. ನೇರ ಬಾಗಿಲ ಕಡೆ ನಡೆದ. “ಆಚೆ ಸರಿ. ಹುಡುಗಿ ತಲೆ ಸವರಿ ಹೋಗ್ತೀನಿ.”

ನಿಂಗಕ್ಕ ಹೊಸ್ತಿಲಿಗೆ ಅಡ್ಡ ನಿಂತಳು. ಬಾವನ ಎದುರು ಎಂದೂ ತಲೆ ಎತ್ತಿ ನಿಂತವಳಲ್ಲ. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಳು.

“ಬ್ಯಾಡ ಬಾವ. ನಿಮಗೆ ಕೆಮ್ಮೈತೆ.”

“ನನ್ನ ತಮ್ಮನ ಮನೆ ಇದು!”

“ನಿಮ್ಮ ರೊಪ್ಪದಾಗೆ ಕೆಮ್ಮೋ ಕುರೀನ ಗಬ್ಬದ ಕುರಿ ಜೊತೆ ಬಿಡ್ತೀರಾ? ಬಾನಿಗೆ ಬಾಯಿ ಹಾಕಿಸ್ತೀರಾ? ಈ ಕೆಲಸ ನನಗೆ ಕಲಿಸಿದ್ದೇ ನೀವು. ನಮ್ಮವ್ವ ಹೆಂಗೆ ಸತ್ತಳು ಅಂತ ನಿಮಗೆ ಗೊತ್ತು. ನಾನು ದಾರಿ ಬಿಡಲ್ಲ.”

ಕುರಿಯ ಮಾತು ತಿಮ್ಮರಾಯಪ್ಪನಿಗೆ ನಾಟಿತು. ಸೋತ ಗಂಡಸಿಗೆ ಉಳಿಯುವುದು ಸಿಟ್ಟು ತಾನೇ? “ಇನ್ನು ಈ ಹೊಸ್ತಿಲು ತುಳಿದ್ರೆ ಕೇಳು!” ಅಂದು ಕಂಬಳಿ ಕೊಡವಿ ಹೊರಟುಹೋದ. ಒಳಗಿನಿಂದ ಕಾಳಕ್ಕ, “ಅವ್ವಾ, ದೊಡ್ಡಪ್ಪ ಬರದಿದ್ರೆ ಹೆಸರು ಯಾರು ಇಡ್ತಾರೆ?” ಅಂತ ಅಳುದನಿ ತೆಗೆದಳು.

“ಮೊದಲು ನೀನೂ ಅದೂ ಉಳೀರಿ. ಹೆಸರು ಆಮೇಲೆ,” ಅಂದಳು ನಿಂಗಕ್ಕ.

ಅವತ್ತು ಸಂಜೆಗೇ ತಿಮ್ಮರಾಯಪ್ಪನಿಗೆ ಜ್ವರ ಏರಿತು. ನಿಂಗಕ್ಕ ಹೊತ್ತು ಹೊತ್ತಿಗೆ ಕಷಾಯ, ರಾಗಿ ಗಂಜಿ, ಹುರುಳಿ ಕಟ್ಟು ಒಯ್ದು ಅವನ ಬಾಗಿಲಲ್ಲಿಟ್ಟು, ಓರಗಿತ್ತಿ ಏಕನಾಥಮ್ಮನನ್ನು ಕೂಗಿ ಬರುತ್ತಿದ್ದಳು. ಹೊಳಲ್ಕೆರೆಯಿಂದ ಬಂದ ಕಂಪೌಂಡರ್ ಶಿವಕುಮಾರಪ್ಪ ಜ್ವರದ ಗುಳಿಗೆ ಹಂಚುತ್ತಾ ಇವಳ ಅಂಗಳಕ್ಕೂ ಬಂದ. ಕರಟದ ರಾಶಿ, ಬೇರೆ ಮಲಗಿದ ಬೀರಪ್ಪ, ಎಲ್ಲ ನೋಡಿದ.

“ಕಷಾಯದಿಂದ ಈ ಜ್ವರ ಸಾಯಲ್ಲ ಕಣಮ್ಮ. ಮೈಗೆ ಶಕ್ತಿ ಬರ್ತೈತೆ, ಗಂಟಲಿಗೆ ಹಿತ, ಅಷ್ಟೆ. ಆದ್ರೆ ಈ ಬೇರೆ ಇಡೋದು ಐತಲ್ಲ, ಇದನ್ನ ಬಿಡಬೇಡ. ಯಾರಿಗಾದ್ರೂ ಉಸಿರು ಕಟ್ಟಿದ್ರೆ ತಕ್ಷಣ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸು.”

“ಅದೇ ನಾನು ಹೇಳೋದು ಸ್ವಾಮಿ. ನನ್ನ ಮಾತು ಯಾರು ಕೇಳ್ತಾರೆ?”

ಆಮೇಲೆ ಕೇಳಿದರು. ಓಬಮ್ಮ ಎದ್ದು ಬಂದವಳು ತಾನೇ ಮೂಟೆ ಕರಟ ತಂದು ಸುರಿದಳು. ಹದಿನೈದು ದಿನದಲ್ಲಿ ಕೇರಿಯ ಜ್ವರ ಇಳಿಯಿತು. ಊರಲ್ಲಿ ಇಬ್ಬರು ಮುದುಕರು ಹೋದರು. ಕಾಳಕ್ಕನಿಗೆ ಒಂದು ದಿನ ಮೂಗು ಸೋರಿತು, ಆ ಒಂದು ದಿನ ನಿಂಗಕ್ಕ ಅನ್ನ ಮುಟ್ಟಲಿಲ್ಲ. ಮುಂದಿನ ತಿಂಗಳು ಹೆಣ್ಣುಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿ.

ಹನ್ನೊಂದನೇ ದಿನ, ಹೆಸರಿಡುವ ದಿನದ ಬೆಳಗ್ಗೆ, ತಿಮ್ಮರಾಯಪ್ಪ ಹೊಸ ಪಂಚೆ ಉಟ್ಟು ಬಂದ. ಅಂಗಳದಲ್ಲೇ ನಿಂತ. ಯಾರ ಮುಖವನ್ನೂ ನೋಡದೆ ರಾಶಿಯಿಂದ ಒಂದು ಕರಟ ಆರಿಸಿ, ಊದಿ, ಮುಂದೆ ಚಾಚಿದ. ನಿಂಗಕ್ಕ ಹುಯ್ದಳು. ಕುಡಿದು ಕರಟ ಒಲೆಗೆ ಹಾಕಿದ.

“ಈಗ ಒಳಗೆ ಬರಬಹುದೇನೇ?”

“ಕೆಮ್ಮು ಹೋಗಿ ಎಷ್ಟು ದಿನ ಆಯ್ತು ಬಾವ?”

“ತಿಂಗಳಾಯ್ತು ಮಾರಾಯ್ತಿ!”

“ಹಂಗಾದ್ರೆ ಕೈ ತೊಳಕಂಡು ಬರ್ರಿ,” ಅಂತ ನಿಂಗಕ್ಕ ಚೊಂಬು ನೀರು ತಂದು ಅವನ ಕೈಗೆ ಹುಯ್ದು, ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.