ಗಲ್ಲೆಯಲ್ಲಿ ಹೇಳಿದ ಬೈಪಾಸ್ ಕಥೆ

ಸ್ವಾರಗೇಟ್ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹರಿಶ್ಚಂದ್ರ ಶೆಟ್ಟರ ಹೋಟೆಲಿಗೆ ಇಡ್ಲಿಗೆಂದು ಬರುವವರು ಎಷ್ಟು ಮಂದಿಯೋ, ಕಥೆ ಕೇಳಲು ಬರುವವರೂ ಅಷ್ಟೇ ಮಂದಿ. ಕಥೆ ಒಂದೇ, ಶೆಟ್ಟರ ಬೈಪಾಸ್. ಉಡುಪಿ ಕಡೆಯಿಂದ ಬಂದು ಪುಣೆಯಲ್ಲಿ ಬೇರು ಬಿಟ್ಟ ಮನುಷ್ಯ. ಹೆಸರೇನೋ ಹರಿಶ್ಚಂದ್ರ, ಆದರೆ ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂತು ಬಾಯಿ ತೆರೆದರೆ ಸತ್ಯಕ್ಕೆ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ಎದೆಯ ಮೂಳೆ ಕೊಯ್ದದ್ದು ನಿಜ, ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿದದ್ದೂ ನಿಜ. ನಡುವೆ ಎಚ್ಚರವಾಗಿ ಗರಗಸದ ಸದ್ದು ಕೇಳಿದ್ದು, ಪಕ್ಕದ ತಟ್ಟೆಯಲ್ಲಿ ತನ್ನದೇ ಹೃದಯ ಕಪ್ಪೆಯ ಹಾಗೆ ಕುಪ್ಪಳಿಸಿದ್ದು, ಇವೆಲ್ಲ ವರ್ಷದಿಂದ ವರ್ಷಕ್ಕೆ ಬಿದ್ದ ಒಗ್ಗರಣೆ. ವಿಜಯಪುರ ಕಡೆಯ ರಿಕ್ಷಾದವನು ಮಾಂತು ಚಹಾ ಕುಡಿಯುತ್ತ, "ಇನ್ನೊಮ್ಮೆ ಹೇಳ್ರಿ ಶೆಟ್ರ, ಆ ತಾಟಿನ ಮಾತು ಭಾಳ ಚಲೋ ಅದ" ಎನ್ನುವನು. ಶೆಟ್ಟರು ಹೇಳುವರು. ಒಳಗೆ ಚಟ್ನಿಗೆ ಕಾಯಿ ತುರಿಯುತ್ತಿದ್ದ ಹೆಂಡತಿ ಪ್ರಫುಲ್ಲಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಈಗ ಪ್ರಫುಲ್ಲಾಳ ಸರದಿ ಬಂದಿತ್ತು.

ಅವಳು ದವಡೆ ನೋವು ಎಂದಾಗ ಎಲ್ಲರೂ ಹುಳುಕು ಹಲ್ಲು ಎಂದರು. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ಸಕ್ಕರೆ ಕಾಯಿಲೆಯ ಸುಸ್ತು ಎಂದರು. ಹೃದಯರೋಗಿಯ ಪಟ್ಟ ಆ ಮನೆಯಲ್ಲಿ ಶೆಟ್ಟರಿಗೆ ಕಾಯಂ ಆಗಿ ಕಟ್ಟಿಯಾಗಿತ್ತು. ಅವಳಿಗೂ ಒಂದು ಹೃದಯವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಗಂಡನಿಗೆ ಎಣ್ಣೆಯಿಲ್ಲದ ಪಲ್ಯ ಬೇರೆ ಮಾಡಿ, ಹೋಟೆಲಿನಲ್ಲಿ ಉಳಿದ ವಡೆ ಬಜ್ಜಿಗಳನ್ನು ದಂಡವಾಗಬಾರದೆಂದು ತಾನು ತಿನ್ನುತ್ತಿದ್ದ ಪುಣ್ಯಾತ್ಗಿತ್ತಿ. ಕೊನೆಗೊಂದು ದಿನ ಒಲೆಯ ಮುಂದೆಯೇ ಕುಸಿದು ಕೂತಳು. ಆಂಜಿಯೋಗ್ರಾಮ್ ಮಾಡಿದ ಡಾಕ್ಟರ್ ಸುಲಭಾ ಪರದೆ ತೋರಿಸಿ ಬಿಡಿಸಿ ಹೇಳಿದರು. ಎಡಗಡೆಯ ದೊಡ್ಡ ರಕ್ತನಾಳದ ಬುಡದಲ್ಲೇ ತಡೆ, ಕವಲುಗಳಲ್ಲೂ ತಡೆ, ಮೇಲೆ ಸಕ್ಕರೆ ಬೇರೆ. ಮಾತ್ರೆ ನೋವು ತಗ್ಗಿಸೀತು, ದಾರಿ ಬಿಡಿಸಲಾರದು. ಸ್ಟೆಂಟ್ ಇವರಿಗೆ ಸರಿಹೋಗದು. ತಡೆಯನ್ನು ಸುತ್ತುಬಳಸಿ ಹೋಗಲು ರಕ್ತಕ್ಕೆ ಹೊಸ ದಾರಿ ಹಾಕಲೇಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ.

ಡಾಕ್ಟರು ಆಚೆ ಹೋದ ಮೇಲೆ ಪ್ರಫುಲ್ಲಾ ಹೊದಿಕೆ ಸರಿಸಿ ಎದ್ದು ಕೂತಳು. "ನಂಗೆ ಬೇಡ. ಮನೆಗೆ ಹೋಗುವ."

"ಎಂತ ಬೇಡ? ಡಾಕ್ಟ್ರು ಹೇಳಿದ್ದು ಕೇಳ್ಲಿಲ್ವಾ?" ಎಂದರು ಶೆಟ್ಟರು.

"ಡಾಕ್ಟ್ರು ಹೇಳಿದ್ದು ಒಂದು ಸಲ. ನೀವು ಹೇಳಿದ್ದು ದಿನಾ ಕೇಳಿದ್ದೇನೆ."

ತಾನು ತೋಡಿದ ಹೊಂಡಕ್ಕೆ ಇವಳು ಬಿದ್ದಳಲ್ಲ ಎಂದುಕೊಂಡರು ಶೆಟ್ಟರು. ಗರಗಸದ ಸದ್ದು ಸುಳ್ಳು, ತಟ್ಟೆ ಸುಳ್ಳು, ಗಿರಾಕಿಗಳು ನಗಲಿ ಎಂದು ಕಟ್ಟಿದ್ದು, ಕೊಲ್ಲೂರಮ್ಮನ ಆಣೆ ಎಂದು ಒಂದೇ ಉಸಿರಿಗೆ ಒದರಿದರು.

"ಅದು ಸುಳ್ಳು ಅಂತ ನಂಗೆ ಮೊದ್ಲೇ ಗೊತ್ತುಂಟು ಮಾರಾಯ್ರೆ," ಎಂದಳು ಪ್ರಫುಲ್ಲಾ. "ಅದಕ್ಕೆ ನಂಗೆ ಹೆದ್ರಿಕೆ ಇಲ್ಲ. ನೀವು ಹೇಳದೆ ಬಿಟ್ಟದ್ದು ಒಂದುಂಟಲ್ಲ, ಅದಕ್ಕೆ ಹೆದ್ರಿಕೆ."

ಗಲ್ಲೆಯ ಕಥೆಯಲ್ಲಿ ಎಂದೂ ಬಾರದ ಸಂಗತಿ ಅದು. ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಎದುರಿಗೆ ನಿಂತ ಹೆಂಗಸು ತನ್ನ ಹೆಂಡತಿ ಎಂದು ಶೆಟ್ಟರಿಗೆ ತಿಳಿದಿರಲಿಲ್ಲ. ಇವಳನ್ನು ಆಚೆ ಕಳಿಸಿ ಎಂದು ಕೂಗಾಡಿದ್ದರು. ದೊಡ್ಡ ಆಪರೇಷನ್ ಆದ ಕೆಲವರಿಗೆ ಹೀಗೆ ತಲೆ ಕದಡುತ್ತದೆ, ಆಮೇಲೆ ತಿಳಿಯಾಗುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದ್ದರು, ತಿಳಿಯಾಗಿಯೂ ಇತ್ತು. ಅವಳು ಆ ಮಾತು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಆದರೆ ತನ್ನವರೆಂಬವರು ಲೋಕದಲ್ಲಿ ಒಬ್ಬರೂ ಇಲ್ಲದ ಆ ಗಳಿಗೆಯ ಭಯ ಶೆಟ್ಟರನ್ನು ಬಿಟ್ಟಿರಲಿಲ್ಲ. ಹಾಡುಹಗಲಲ್ಲಿ ಚಿಲ್ಲರೆ ಕೊಡುವಾಗಲೂ ಬಂದು ಎದೆ ಹಿಂಡುತ್ತಿತ್ತು. ಅದನ್ನು ಮುಚ್ಚಲೆಂದೇ ಅವರು ತಟ್ಟೆ, ಕಪ್ಪೆ ಎಂದು ಕಟ್ಟಿದ್ದು.

"ನಂಗೂ ಹಾಗೆ ಆದ್ರೆ? ನಿಮ್ಮ ಗುರ್ತವೇ ಸಿಗದಿದ್ರೆ?"

"ಆಪರೇಷನ್ ಮಾಡಿಸದಿದ್ರೆ ನಂಗೆ ನೀನೇ ಸಿಗುದಿಲ್ಲ." ಶೆಟ್ಟರು ಅವಳು ಸರಿಸಿದ ಹೊದಿಕೆಯನ್ನು ಮತ್ತೆ ಹೊದಿಸಿದರು. "ಗುರ್ತ ಸಿಗದಿದ್ರೆ ಸಿಗುವವರೆಗೆ ಕಾಯ್ತೇನೆ. ನೀನೂ ಕಾದದ್ದೇ ಅಲ್ವಾ."

ಸಂಜೆ ನರ್ಸ್ ಬಂದು ಒಪ್ಪಿಗೆ ಕೇಳಿದಾಗ ಪ್ರಫುಲ್ಲಾ ಹ್ಞೂಂ ಎಂದಳು.

ಆಪರೇಷನ್ ಮೇಜಿನ ಮೇಲೆ ಮಲಗಿದವರಿಗೆ ನಿದ್ದೆಯ ಮದ್ದು ಕೊಡುತ್ತಾರೆ, ಹೊರಗೆ ಕೂತವರಿಗೆ ಯಾರೂ ಕೊಡುವುದಿಲ್ಲ. ಶೆಟ್ಟರಿಗೆ ಒಳಗಿನದ್ದೆಲ್ಲ ಗೊತ್ತಿತ್ತು, ಅದೇ ಕೆಟ್ಟದ್ದು. ಈಗ ಅವಳ ಹೃದಯ ನಿಲ್ಲಿಸಿರುತ್ತಾರೆ, ಉಸಿರೂ ರಕ್ತವೂ ಮೆಷಿನ್ನಿನ ಕೈಯಲ್ಲಿರುತ್ತವೆ, ನಿಲ್ಲಿಸಿದ್ದು ಮತ್ತೆ ಹೊರಡದಿದ್ದರೆ? ಮಾಂತು ರಿಕ್ಷಾ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ. "ಏನೂ ಆಗಂಗಿಲ್ರಿ ಶೆಟ್ರ," ಎಂದ. ಡಾಕ್ಟರ್ ಸುಲಭಾ ಹೊರಬಂದು ಹೃದಯ ಚೆನ್ನಾಗಿ ನಡೆಯುತ್ತಿದೆ ಎಂದಾಗಲೂ ಶೆಟ್ಟರ ಭಯ ಇಳಿಯಲಿಲ್ಲ. ಅವಳು ಕಣ್ಣು ಬಿಡುವುದು ಬಾಕಿಯಿತ್ತು.

ಮರುದಿನ ಗಂಟಲಿನ ನಳಿಕೆ ತೆಗೆದ ಮೇಲೆ ನರ್ಸ್ ಬಂದು, ಒಬ್ಬರು ಮಾತ್ರ ಒಳಗೆ ಬನ್ನಿ ಎಂದರು. ಹಸಿರು ನಿಲುವಂಗಿ, ಟೋಪಿ, ಮಾಸ್ಕ್ ಹಾಕಿಸಿ ಒಳಗೆ ಬಿಟ್ಟರು. ಶೆಟ್ಟರು ಮಂಚದ ಬಳಿ ನಿಂತರು. ಪ್ರಫುಲ್ಲಾ ಕಣ್ಣು ಬಿಟ್ಟಳು. ದಾರಿಹೋಕರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ತರಕಾರಿಯವನ ಹತ್ತಿರ, ಬಸ್ ಕಂಡಕ್ಟರನ ಹತ್ತಿರ ಆಡುವ ಮರಾಠಿಯಲ್ಲಿ ಮಾತಾಡಿದಳು. ಗಂಡನೊಡನೆ ಅವಳು ಎಂದೂ ಆಡದ ಭಾಷೆ ಅದು.

"ಡಾಕ್ಟರ್, ಮಾಝೆ ಮಿಸ್ಟರ್ ಬಾಹೇರ್ ಬಸ್ಲೇತ್ ಕಾ?" ನನ್ನ ಯಜಮಾನರು ಹೊರಗೆ ಕೂತಿದ್ದಾರಾ ಎಂದು.

ಶೆಟ್ಟರು ಮಂಚದ ಸರಳು ಹಿಡಿದುಕೊಂಡರು. ಮಾಸ್ಕ್ ತೆಗೆದು ನಾನೇ ಎಂದುಬಿಡಲೇ? ತೆಗೆದ ಮೇಲೂ ಆ ನೋಟ ಬದಲಾಗದಿದ್ದರೆ? ಆ ಭಯಕ್ಕೆ ಕೈ ಮೇಲೇಳಲಿಲ್ಲ.

"ಬಸ್ಲೇತ್," ಎಂದರು.

"ಅವರು ಬಲು ಪುಕ್ಕಲು, ಒಳಗೆ ಬಿಡಬೇಡಿ," ಎಂದಳು ಪ್ರಫುಲ್ಲಾ ಅದೇ ಮರಾಠಿಯಲ್ಲಿ, ಒಡೆದ ದನಿಯಲ್ಲಿ. "ನನಗೆ ಏನೂ ನೋವಾಗಲಿಲ್ಲ ಅಂತ ಹೇಳಿ." ಸರಳಿನ ಮೇಲಿದ್ದ ಶೆಟ್ಟರ ಕೈ ಹಿಡಿದಳು. "ಅವರ ಗುರುತು ಸಿಕ್ಕಿತು ಅಂತಲೂ ಹೇಳಿ."

ಹೇಳುತ್ತೇನೆ ಎಂದರು ಶೆಟ್ಟರು, ಮರಾಠಿಯಲ್ಲೇ.