ಖಾನೇಸುಮಾರಿಯಲ್ಲಿ ಅಕ್ಕ

ಗಡಹಿಂಗ್ಲಜದಿಂದ ಎರಡು ಹರದಾರಿ ನಮ್ಮೂರು. ನಲವತ್ತು ಮನೆಯೂ ಇರಲಿಲ್ಲ. ಅರವತ್ತೊಂದರ ಖಾನೇಸುಮಾರಿಯಲ್ಲಿ ಊರಿನ ತಲೆ ಎಣಿಸುವ ಕೆಲಸ ಸಾಲಿ ಮಾಸ್ತರನಾದ ನನಗೇ ಬಂತು. ಹೊಸ ನೌಕರಿ, ಮೈಯೆಲ್ಲ ಸೊಕ್ಕು. ಒಬ್ಬ ರೈತ ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಉಳಿದವರ ಹೆಸರು ಹೇಳಿದ. "ಇಂದೋ ನಾಳೆಯೋ ಹೋಗಾಕಿ, ಯಾಕ ಬರೀತೀರಿ ಮಾಸ್ತರ?" ನಾನು ಅವನ ಜನ್ಮ ಜಾಲಾಡಿ, ಮುದುಕಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ.

ಕೊನೆಗೆ ನಮ್ಮ ಮನೆ. ಅವ್ವ ತೀರಿಕೊಂಡಿದ್ದಳು. ಅಪ್ಪ, ನಾನು, ತಂಗಿ, ಮತ್ತೆ ಅಕ್ಕ. ಅಕ್ಕನ ಗಂಡ ಇಚಲಕರಂಜಿಯ ಶಹಾಪುರದಲ್ಲಿ ಮಗ್ಗ ನಡೆಸುತ್ತಿದ್ದ; ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಹೊರಗೆ ಹಾಕಿದ್ದ. ನಾಲ್ಕು ವರ್ಷದಿಂದ ನಮಗೆ ರೊಟ್ಟಿ ಬಡಿದವಳು ಅವಳೇ. ಇರುವ ಮನೆಯಲ್ಲೇ ಬರೆಯಬೇಕೆಂಬ ಕಾಯಿದೆ ನನಗೆ ಬಾಯಿಪಾಠವಾಗಿತ್ತು. ಅಪ್ಪ ಪೆನ್ನಿಗೆ ಕೈ ಅಡ್ಡ ಹಿಡಿದ.

"ಆಕೀನ್ನ ಬರೀಬ್ಯಾಡ. ಗಂಡ ಬಿಟ್ಟಾಕಿ ಮನ್ಯಾಗ ಅದಾಳಂತ ಕಾಗದದಾಗ ಬಂದ್ರ ಸಣ್ಣಾಕೀನ್ನ ಯಾರ ಮಾಡ್ಕೋತಾರ? ಶಹಾಪುರದಾಗ ಬರಕೋತಾರ ಬಿಡು."

ಅಲ್ಲಿ ಅವಳನ್ನು ಯಾರೂ ಬರೆಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಮೂರು ಹೆಸರು ಬರೆದು ಗೆರೆ ಎಳೆದೆ.

ಅಷ್ಟರಲ್ಲಿ ಅಕ್ಕ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. "ನಂದೂ ಬರದೀಯೇನೋ ತಮ್ಮಾ?"

"ಬರದೇನಿ," ಎಂದೆ.

ಅವಳ ಮುಖ ನೋಡಬೇಕಿತ್ತು. "ಹಂಗಾರ ನಾ ಈ ಮನೀಯಾಕಿ ಅಂತ ಸರ್ಕಾರಕ್ಕ ಗೊತ್ತಾತು. ಇನ್ನ ನನ್ನ ಯಾರೂ ಹೊರಗ ಹಾಕಾಂಗಿಲ್ಲ."

ಅವಳಿಗೆ ಓದಲು ಬರುವುದಿಲ್ಲವಲ್ಲ ಎಂದು ನಾನು ನಿರಾಳನಾದೆ. ಅಷ್ಟು ಹೊಲಸು ಮನುಷ್ಯ ನಾನು.

ಮುಂದಿನ ತಿಂಗಳು ಜಯಸಿಂಗಪುರದ ವ್ಯಾಪಾರಸ್ಥರೊಬ್ಬರು ಮಗನಿಗೆಂದು ತಂಗಿಯನ್ನು ನೋಡಲು ಬಂದರು. ಚಹಾ ತಂದ ಅಕ್ಕನನ್ನು ಕಂಡು ಹುಡುಗನ ತಾಯಿ, "ಇಕಿ ಯಾರ್ರೀ?" ಎಂದಳು.

"ಹಿರಿ ಮಗಳ್ರಿ. ಉಗಾದಿಗೆ ಬಂದಾಳ. ನಾಳಿ ಗಂಡನ ಮನೀಗೆ ಹೊಂಟಾಳ," ಎಂದ ಅಪ್ಪ.

ಅಕ್ಕ ನಕ್ಕಳು. ಅಪ್ಪನ ಮಾತಿಗೆ ಅವಳು ಎದುರಾಡಿದ್ದು ಅದೇ ಮೊದಲು. "ಇಲ್ರಿ, ನಾ ಇದ ಮನೀಯಾಕಿ. ಸರ್ಕಾರದ ಕಾಗದದಾಗ ಐತಿ. ಹೇಳೋ ತಮ್ಮಾ."

ಎಲ್ಲರೂ ನನ್ನನ್ನೇ ನೋಡಿದರು.

"ನಿನ್ನ ಹೆಸರು ಶಹಾಪುರದಾಗ ಐತಿ, ಅಕ್ಕಾ," ಎಂದೆ.

ಅವಳು ಚಹಾದ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಟ್ಟೆಯ ಗಂಟು ಹಿಡಿದು ಬಂದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಬಾಗಿಲಲ್ಲಿ ನಿಂತು, ಪರವೂರಿನವರಿಗೆ ಹೇಳುವಂತೆ, "ಬರ್ತೇನ್ರಿ ಮಾಸ್ತರ," ಎಂದಳು.